ಕೆಂಪು ಕಾಣದ ಕೈ

ಬೆಂದ ರೇಷ್ಮೆಗೂಡಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಹಳಸಿದ ಹುರುಳಿಕಟ್ಟು, ಒದ್ದೆ ಕೂದಲು, ಸೀದ ಎಣ್ಣೆ ಮೂರೂ ಸೇರಿದ ಹಾಗಿರುತ್ತದೆ. ಮೊದಲ ದಿನ ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತದೆ, ತಿಂಗಳು ಕಳೆದರೆ ಮೂಗಿಗೆ ಗೊತ್ತೇ ಆಗುವುದಿಲ್ಲ. ಬಿಟ್ಟು ಎಷ್ಟು ಕಾಲವಾದರೂ ಮರೆಯುವುದಿಲ್ಲ. ಹೋದ ಮಳೆಗಾಲದಲ್ಲಿ ನಾನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುತ್ತಿದ್ದ ಬಸ್ಸು ಮಾಂಬಳ್ಳಿಯ ಹತ್ತಿರ ಕೆಟ್ಟು ನಿಂತಿತು. ಯಾರದೋ ಹಿತ್ತಲಲ್ಲಿ ಗೂಡು ಬೇಯಿಸುತ್ತಿದ್ದರು. ಕಿಟಕಿಯಿಂದ ಆ ವಾಸನೆ ಬಂದದ್ದೇ ತಡ, ಆ ಒಂದು ಮಳೆಗಾಲ ಪೂರ್ತಿ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತಿತು.

ಅರವತ್ತರ ದಶಕದ ನಡುವಿನ ಮಾತು. ಮಾಂಬಳ್ಳಿಯಲ್ಲಿ ಆಗ ಒಂದು ನೂಲಿನ ಫ್ಯಾಕ್ಟರಿ ಇತ್ತು, ಈಗಿಲ್ಲ. ಅಲ್ಲಿ ಬಿಸಿನೀರಿನ ತೊಟ್ಟಿಗಳ ಕೆಳಗೆ ಹೊತ್ತಿಸುತ್ತಿದ್ದ ಬೆಂಕಿಗಿಂತ ಹೆಚ್ಚಿನ ಕಿಚ್ಚು ಆ ವರ್ಷ ನನ್ನ ಹೊಟ್ಟೆಯಲ್ಲಿತ್ತು. ಅದೆಲ್ಲ ನನ್ನ ಚಿಕ್ಕಪ್ಪನ ಮಗಳು ಗಂಗೆಯ ಮೇಲೆ.

ನಾನು ನೀಲಾಂಬಿಕೆ, ಅವಳು ಗಂಗಾಂಬಿಕೆ. ಅಜ್ಜ ಶರಣರ ಮನೆಯ ಹೆಸರುಗಳನ್ನೇ ಹುಡುಕಿ ಇಟ್ಟಿದ್ದರಂತೆ. ಒಂದೇ ಮನೆ, ಒಂದೇ ಒಲೆ, ಒಂದೇ ಚಾಪೆ. ಆದರೆ ಅವಳು ಸತ್ತೇಗಾಲದಿಂದ ಬಂದ ಚಿಕ್ಕವ್ವನ ಬೆಳ್ಳನೆ ಬಣ್ಣ, ನಾನು ತೀರಿಹೋದ ಅಪ್ಪನ ಕಪ್ಪು ಬಣ್ಣ. ಗಂಗೆಗೆ ಸಿಟ್ಟು ಬಂದರೆ ಕಾಣುತ್ತಿತ್ತು, ನಾಚಿಕೆಯಾದರೆ ಕಾಣುತ್ತಿತ್ತು, ಸೊಳ್ಳೆ ಕಚ್ಚಿದರೂ ಕಾಣುತ್ತಿತ್ತು. "ಅಯ್ಯೋ ನನ್ ಕಂದ, ಎಂಗೆ ಕೆಂಪಗೆ ದದ್ದರಿಸ್ಬುಟ್ಟದೆ ನೋಡು" ಎಂದು ಅಜ್ಜಿ ಅವಳ ಕೈಗೆ ಕೊಬ್ಬರಿ ಎಣ್ಣೆ ತೀಡುತ್ತಿದ್ದಳು. ಸೊಳ್ಳೆ ನನಗೂ ಕಚ್ಚುತ್ತಿತ್ತು. ನಾನು ತೋಳು ಚಾಚಿದರೆ, "ನಿಂಗೇನಾಗದೆ? ಏನೂ ಕಾಣಕಿಲ್ವಲ್ಲ" ಎನ್ನುತ್ತಿದ್ದಳು. ನೋವಿಗೂ ಬಣ್ಣ ಬೇಕು ಎನ್ನುವುದು ನನಗೆ ಗೊತ್ತಾದದ್ದು ಹಾಗೆ.

ಫ್ಯಾಕ್ಟರಿಗೆ ಹೋಗುತ್ತೇನೆ ಎಂದು ಹಟ ಹಿಡಿದವಳು ನಾನು. ಮನೆಯಲ್ಲಿ ಗಂಗೆಯ ಪಕ್ಕ ಕೂತು ಹೋಲಿಸಿಕೊಳ್ಳುವುದು ತಪ್ಪಲಿ ಎಂದೇ. ಅಜ್ಜಿ ಒಪ್ಪಲಿಲ್ಲ. "ಉಳ ಬೇಯ್ಸೋ ಕೆಲ್ಸ ಲಿಂಗ ಕಟ್ಕಂಡೋರ್ಗಲ್ಲ" ಎಂದಳು. ಚಿಕ್ಕಪ್ಪ ಹಿಪ್ಪುನೇರಳೆ ಬೆಳೆದು ಗೂಡು ಮಾರುತ್ತಿದ್ದವನು. "ಸಾಕಿ ಮಾರೋದು ಆಯ್ತದೆ, ಬೇಯ್ಸೋದು ಆಗಕಿಲ್ವಾ? ಓಗ್ಲಿ ಬುಡವ್ವ" ಎಂದ. ನಾನು ಗೆದ್ದೆ ಅಂದುಕೊಂಡೆ. ಮಾರನೇ ದಿನ ಗಂಗೆ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಕ್ಕ, ನಾನೂ ಬತ್ತೀನಿ. ನೀನಿಲ್ದೆ ಮನೇಲಿ ಬೇಜಾರು."

ಬಿಸಿನೀರಿನ ತೊಟ್ಟಿಯನ್ನು ಎಲ್ಲರೂ ಬೇಸಿನ್ ಎನ್ನುತ್ತಿದ್ದರು. ಬೆಂದ ಗೂಡುಗಳು ಅದರಲ್ಲಿ ತೇಲುತ್ತಿದ್ದವು. ಕೈ ಹಾಕಿ, ಬೆರಳಿನಿಂದ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆ ಸೇರಿಸಿ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ನೀರಿಗೆ ಬಲಗೈ. ಆ ನೀರು ಬರೀ ನೀರಲ್ಲ, ಗೂಡಿನ ಅಂಟು ಬಿಟ್ಟ ಲೋಳೆ. ಬೇಸಿಗೆಯಲ್ಲಾದರೆ ಕೈ ಒಣಗುತ್ತಿತ್ತು. ಮಳೆ ಹಿಡಿಯಿತೆಂದರೆ ಮೈಮೇಲಿನ ಸೀರೆಯೇ ಒಣಗುತ್ತಿರಲಿಲ್ಲ, ಕೈ ಎಲ್ಲಿ ಒಣಗಬೇಕು? ಬೆರಳ ಸಂದುಗಳು ಬಾಯಿ ಬಿಟ್ಟವು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಗಸರೆಲ್ಲ ಎಡಗೈಯಲ್ಲಿ ಉಣ್ಣಲು ಶುರುಮಾಡಿದರು.

ಆಗ ಬಂದರು ಡಾಕ್ಟರಮ್ಮ. ಕೊಳ್ಳೇಗಾಲದ ಆಸ್ಪತ್ರೆಗೆ ಮೈಸೂರಿನಿಂದ ಹೊಸದಾಗಿ ಬಂದಿದ್ದವರು, ನಮಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ನಮ್ಮ ಕೈಗಳನ್ನು ನೋಡಿ ಯಾವ ಮುಲಾಮು ಹಿಡಿಯುತ್ತದೆ ಎಂದು ಕಂಡುಹಿಡಿಯುವ ಹುಮ್ಮಸ್ಸಿನಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಹತ್ತಿರ ಅಂಗೈಯಗಲದ ರಟ್ಟಿನ ಕಾರ್ಡು ಒಂದಿತ್ತು. ಅದರ ಮೇಲೆ ಸಾಲಾಗಿ ಬಣ್ಣದ ಪಟ್ಟಿಗಳು. ಒಂದು ತುದಿಯಲ್ಲಿ ಅವರೆಬೇಳೆಯ ಬಿಳುಪು, ಇನ್ನೊಂದು ತುದಿಯಲ್ಲಿ ದಾಳಿಂಬೆ ಬೀಜದ ಕೆಂಪು. ಹೊರದೇಶದ ಪುಸ್ತಕ ನೋಡಿ ಮಾಡಿಕೊಂಡದ್ದಂತೆ. ಕೈಯ ಪಕ್ಕ ಕಾರ್ಡು ಹಿಡಿದು, ಕೆಂಪು ಯಾವ ಪಟ್ಟಿಗೆ ಸರಿಹೋಗುತ್ತದೋ ಅದರ ನಂಬರು ಹೇಳುತ್ತಿದ್ದರು. ಸೊನ್ನೆಯಿಂದ ಮೂರರವರೆಗೆ. ಎರಡು, ಮೂರು ಬಂದವರಿಗೆ ಮುಲಾಮಿನ ಡಬ್ಬಿ, ವಾಸಿಯಾಗುವ ತನಕ ಒಣ ಕೆಲಸ. ಅಂದರೆ ಬೆಂಚಿನ ಮೇಲೆ ಕೂತು ಒಳ್ಳೆಯ ಗೂಡು, ಕೆಟ್ಟ ಗೂಡು ಆರಿಸುವುದು.

ಗಂಗೆ ಕೈ ಚಾಚಿದಳು. ಮಣಿಕಟ್ಟಿನವರೆಗೆ ಕೆಂಪು. "ಮೂರು" ಎಂದರು ಡಾಕ್ಟರಮ್ಮ, ನಾಲಗೆಯಲ್ಲಿ ಚ್ಚು ಚ್ಚು ಎನ್ನುತ್ತ.

ಮುಂದಿನವಳು ನಾನು. ಕಾರ್ಡನ್ನು ಹಾಗೆ ಹಿಡಿದರು, ಹೀಗೆ ಹಿಡಿದರು. ಯಾವ ಪಟ್ಟಿಯೂ ನನ್ನ ಕೈಯ ಹತ್ತಿರ ಸುಳಿಯಲಿಲ್ಲ. "ಸೊನ್ನೆ."

"ಬೋ ಉರೀತದೆ ಡಾಕ್ಟ್ರವ್ವ" ಎಂದೆ.

"ಉರಿ ಅಂತ ಎಲ್ಲರೂ ಹೇಳ್ತಾರಮ್ಮ. ಉರೀನ ನಾನು ಹೇಗೆ ಅಳೀಲಿ? ಕೆಂಪಾದರೆ ಅಳೀಬಹುದು."

ನನ್ನ ಹಿಂದೆ ನಿಂತಿದ್ದ ಕೆಂಪಮ್ಮ ನನಗಿಂತ ಕಪ್ಪು. ಅವಳಿಗೂ ಸೊನ್ನೆ. "ಎಸ್ರಲ್ಲಾದ್ರೂ ಕೆಂಪು ಅದಲ್ಲ, ಅದ್ನಾರ ಬರ್ಕೊಳಿ" ಎಂದಳು. ಎಲ್ಲರೂ ನಕ್ಕರು, ಡಾಕ್ಟರಮ್ಮನೂ ನಕ್ಕರು. ನಾನು ನಗಲಿಲ್ಲ.

ಕೆಲವು ವಾರಗಳಲ್ಲಿ ಒಣ ಬೆಂಚಿನ ತುಂಬ ಊರಿನ ಬಿಳಿ ಹುಡುಗಿಯರು, ಬೇಸಿನ್ನಿನ ಸುತ್ತ ನಾವು. ಹಬೆಯ ಆಚೆಗೆ ಗಂಗೆ ಕೂತಿರುವುದು ಕಾಣುತ್ತಿತ್ತು. ಮಡಿಲಲ್ಲಿ ಹೂವಿನ ಹಾಗೆ ಗೂಡು ತುಂಬಿಕೊಂಡು, ಪಕ್ಕದವಳ ಜೊತೆ ಮಾತಾಡುತ್ತ ಆರಿಸುತ್ತಿದ್ದಳು. ಅವಳ ಬೆರಳ ಹುಣ್ಣುಗಳು ದಿನದಿನಕ್ಕೆ ಮಾಯುತ್ತಿದ್ದವು. ನನ್ನ ಕಣ್ಣು ಎಳೆಯ ಮೇಲೆ ನಿಲ್ಲುತ್ತಿರಲಿಲ್ಲ, ಅವಳ ಕೈ ಮೇಲೆಯೇ. ಅವಳ ರೂಪಕ್ಕೆ, ಅವಳ ಜಡೆಗೆ ಹೊಟ್ಟೆಕಿಚ್ಚು ಪಟ್ಟದ್ದು ಬೇರೆ. ಈಗ ಅವಳ ಹುಣ್ಣಿಗೂ ಹೊಟ್ಟೆಕಿಚ್ಚು ಪಡುವ ಹಾಗಾಯಿತು. ಯಾರಾದರೂ ಇನ್ನೊಬ್ಬರ ಹುಣ್ಣಿಗೆ ಆಸೆಪಡುತ್ತಾರೆಯೇ? ನಾನು ಪಟ್ಟೆ.

ಒಂದು ಸಂಜೆ ಹಿತ್ತಲಲ್ಲಿ ಗಂಗೆ ಮುಲಾಮಿನ ಡಬ್ಬಿ ತೆಗೆದುಕೊಂಡು ಬಂದಳು. "ಅಕ್ಕ, ಕೈ ಕೊಡು. ನಂಗೆ ಆಲೇ ಅರ್ಧ ವಾಸಿ ಆಗದೆ. ನಿಂದೇ ನಂಗಿಂತ ಜಾಸ್ತಿ ಆಗಿರೋದು."

"ನಿಂಗೆಂಗೆ ಗೊತ್ತು? ಡಾಕ್ಟ್ರೇ ಸೊನ್ನೆ ಅಂದವ್ರೆ."

"ನೀನು ನಿದ್ದೇಲಿ ನರಳ್ತೀಯ. ನಾನು ಪಕ್ಕದಲ್ಲೇ ಮಲಗಕಿಲ್ವಾ?"

ಅವಳ ದಯೆ ನನಗೆ ಬೇಡವಾಗಿತ್ತು. "ನಿನ್ ಎಂಜ್ಲು ಮುಲಾಮು ನಂಗ್ಯಾಕೆ? ನಂಗೆ ಬೇಕಾದ್ರೆ ನಾನೇ ಈಸ್ಕತೀನಿ" ಎಂದು ಕೈ ಕಿತ್ತುಕೊಂಡೆ. ಅವಳ ಮುಖ ಕೆಂಪಾಯಿತು. ಎಲ್ಲದಕ್ಕೂ ಕೆಂಪಾಗುವ ಆ ಮುಖವನ್ನು ನೋಡಿ ಇನ್ನೂ ಉರಿಯಿತು.

ಈಸಿಕೊಳ್ಳುವುದು ಹೇಗೆ? ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂದು ಆರತಿ ತಟ್ಟೆ ಕಂಡ ಯಾವ ಹೆಣ್ಣಿಗೆ ಗೊತ್ತಿಲ್ಲ? ಡಾಕ್ಟರಮ್ಮ ಬರುವ ದಿನ ಬೆಳಿಗ್ಗೆ ಓಕುಳಿ ಕಲಸಿ ಎರಡೂ ಕೈಗೆ ತೆಳ್ಳಗೆ ಸವರಿ ಒರೆಸಿದೆ. ಬಿರುಕಿಗೆ ಸುಣ್ಣ ಹೊಕ್ಕು ಪ್ರಾಣ ಹೋದ ಹಾಗಾಯಿತು, ಹಲ್ಲು ಕಚ್ಚಿಕೊಂಡೆ. ಕಪ್ಪಿನ ಮೇಲೆ ಅದೂ ಸರಿಯಾಗಿ ಹತ್ತಲಿಲ್ಲ. ಆದರೂ ಅಂಗೈಯಂಚಿನಲ್ಲಿ, ಉಗುರಿನ ಸುತ್ತ ಒಂದಿಷ್ಟು ಕೆಂಪು ಕಂಡಿತು.

ಡಾಕ್ಟರಮ್ಮ ನೋಡಿದರು. ಕಾರ್ಡು ಹಿಡಿದರು. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ನನ್ನ ಬೆರಳ ಮೇಲೆ ಎಳೆದರು. ಹತ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದನ್ನೆತ್ತಿ ಫ್ಯಾಕ್ಟರಿಯ ಮೇಸ್ತ್ರಿಗೆ ತೋರಿಸಿದರು.

"ಇದೇನಮ್ಮ ಇದು? ಒಣ ಬೆಂಚಿಗಾಗಿ ಇಷ್ಟು ಮೋಸಾನ?"

ಫ್ಯಾಕ್ಟರಿಯೆಲ್ಲ ನಕ್ಕಿತು. ಮೇಸ್ತ್ರಿ ರಾಟೆ ನಿಲ್ಲಿಸಿ ನಕ್ಕ. "ಬಣ್ಣ ಸುಳ್ಳು ಡಾಕ್ಟ್ರವ್ವ, ಉರಿ ಸುಳ್ಳಲ್ಲ" ಎಂದೆ. ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಗೆ ಬೆಂಚಿನಿಂದ ಎದ್ದು ಬಂದು, "ಅಕ್ಕಂಗೆ ನಿಜ್ವಾಗ್ಲೂ ಆಗದೆ. ನನ್ ಜಾಗ ಅವ್ಳಿಗೆ ಕೊಡಿ, ನಾನು ನೀರ್ಗೋಯ್ತೀನಿ" ಎಂದಳು. "ಎಂಥ ಒಳ್ಳೇ ಹುಡುಗಿ" ಎಂದರು ಡಾಕ್ಟರಮ್ಮ. ಅವಳ ಬೆನ್ನು ತಟ್ಟಿ ಬೆಂಚಿಗೇ ಕಳಿಸಿದರು. ಎಲ್ಲರೆದುರು ಮಾನ ಹೋದದ್ದು ನನ್ನದು, ಒಳ್ಳೆಯವಳಾದದ್ದು ಅವಳು.

ಶ್ರಾವಣದಲ್ಲಿ ಹನೂರಿನಿಂದ ನನ್ನನ್ನು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಹುಡುಗ ಹನೂರಿನ ಪೇಟೆಯಲ್ಲಿ ರಾಗಿ, ಜೋಳದ ವ್ಯಾಪಾರ ಮಾಡುತ್ತಿದ್ದ. ಹುಡುಗನ ತಾಯಿ ಮಹದೇವಮ್ಮ ನಮ್ಮವ್ವನಿಗೆ ದೂರದ ಸಂಬಂಧ. ಅವರು ಬರುವ ಎರಡು ದಿನ ಮೊದಲೇ ನನಗೆ ಬಲಗೈ ಭಾರವಾಗಿತ್ತು, ಕಂಕುಳಲ್ಲಿ ಗಡ್ಡೆ ಕಟ್ಟಿತ್ತು. ಮೇಸ್ತ್ರಿಗೆ ತೋರಿಸಿದರೆ, "ಇವತ್ತು ಯಾವ್ ಬಣ್ಣ ಅಚ್ಕಬಂದಿದ್ದೀಯವ್ವ?" ಎಂದ. ಅವ್ವನಿಗೆ ಹೇಳಿದರೆ ನೋಡಲು ಬರುವವರನ್ನು ಬೇಡವೆನ್ನುತ್ತಾಳೆ ಎಂದು ಸುಮ್ಮನಾದೆ. ಆ ಸಂಬಂಧ ನನಗೆ ಬೇಕಿತ್ತು. ಗಂಗೆಗಿಂತ ಮೊದಲು ನನಗೇ ಮದುವೆಯಾಗಬೇಕಿತ್ತು.

ಅವರು ಬಂದಾಗ ಚಿಕ್ಕವ್ವ ತಾನಾಗಿ ಗಂಗೆಯನ್ನು ಹಿಂದಿನ ಕೊಟ್ಟಿಗೆಗೆ ಕಳಿಸಿದಳು. ನಮ್ಮಲ್ಲಿ ಅದು ರೂಢಿ. ಕಪ್ಪು ಹುಡುಗಿಯನ್ನು ತೋರಿಸುವಾಗ ಬಿಳಿ ಹುಡುಗಿಯನ್ನು ಮರೆಮಾಡುತ್ತಾರೆ. ನಾನು ತಟ್ಟೆ ಹಿಡಿದುಕೊಂಡು ನಡುಮನೆಗೆ ಬಂದೆ. ಹುಡುಗ ತಲೆ ತಗ್ಗಿಸಿ ಕೂತಿದ್ದ, ಒಳ್ಳೆಯ ಮುಖ, ನನ್ನದೇ ಬಣ್ಣ. ಮಹದೇವಮ್ಮನೂ ಕಪ್ಪೇ. ದಪ್ಪ ಬಳೆ, ದೊಡ್ಡ ವಿಭೂತಿ, ಕಣ್ಣಲ್ಲಿ ನಗು. "ಬಾರವ್ವ" ಎಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳಲು ಹೋದ ಹೆಂಗಸು ಬೆಚ್ಚಿ ನಿಂತಳು.

"ಇದ್ಯಾಕವ್ವ, ಈ ಎಣ್ಮಗಿನ್ ಕೈ ಕೆಂಡ ಆಗದಲ್ಲ!"

ಹಿಂಗೈಯನ್ನು ನನ್ನ ಮುಂಗೈಗೆ ಒತ್ತಿದಳು, ಮೊಣಕೈಗೆ ಒತ್ತಿದಳು, ತೋಳಿಗೆ ಒತ್ತಿದಳು. ಇನ್ನೊಂದು ಕೈಯನ್ನೂ ಮುಟ್ಟಿ ನೋಡಿದಳು. "ಬಿಸಿ ಮ್ಯಾಕೆ ಅತ್ತದೆ. ಎಣ್ ನೋಡೋದು ಆಮ್ಯಾಕಾಗ್ಲಿ, ಮೊದ್ಲು ಆಸ್ಪತ್ರೆಗೆ ಎತ್ಕ ನಡೀರಿ." ಅವ್ವ ಅಳಲು ಶುರುಮಾಡಿದಳು. ನನಗೆ ಕಣ್ಣು ಕತ್ತಲೆಗಟ್ಟಿತು, ತಟ್ಟೆ ಬಿತ್ತು. ಆ ಸದ್ದಿಗೆ ಗಂಗೆ ಕೊಟ್ಟಿಗೆಯಿಂದ, "ಅಕ್ಕಾ!" ಎಂದು ಕೂಗಿಕೊಂಡು ಓಡಿಬಂದಳು. ಓಡಿಬಂದ ಬಿರುಸಿಗೆ ಕೆನ್ನೆಗಳು ದಾಸವಾಳದ ಹಾಗೆ ಅರಳಿದ್ದವು. ನನ್ನ ತಲೆ ಹಿಡಿದುಕೊಂಡವಳು ಅವಳೇ. ಕಣ್ಣು ಮುಚ್ಚುವ ಮೊದಲು ನಾನು ಕಂಡದ್ದು, ಹುಡುಗ ತಲೆ ಎತ್ತಿ ಅವಳನ್ನು ನೋಡುತ್ತಿದ್ದುದು.

ಹನೂರಿಗೆ ವಾಪಸ್ಸು ಹೋಗುವುದೂ ಕೊಳ್ಳೇಗಾಲದ ಮೇಲೆಯೇ ಆದ್ದರಿಂದ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದೆವು. ನನ್ನ ತಲೆ ಮಹದೇವಮ್ಮನ ತೊಡೆಯ ಮೇಲೆ, ಕಾಲು ಗಂಗೆಯ ತೊಡೆಯ ಮೇಲೆ. ದಾರಿಯುದ್ದಕ್ಕೂ ಮಹದೇವಮ್ಮ ಒದ್ದೆ ಬಟ್ಟೆ ಸುತ್ತಿದ ನನ್ನ ತೋಳನ್ನು ನೇವರಿಸುತ್ತ ಗಂಗೆಯನ್ನು ಮಾತಾಡಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಮುಂಗೈ ಕೊಯ್ದು ಕೀವು ತೆಗೆದರು, ಪೆನ್ಸಿಲಿನ್ ಚುಚ್ಚಿದರು. ಒಂದು ದಿನ ತಡವಾಗಿದ್ದರೆ ಕೈ ಉಳಿಯುತ್ತಿರಲಿಲ್ಲವಂತೆ. ಜ್ವರ ಇಳಿದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಬಂದು ಕೂತರು. ಮುಖ ಸಣ್ಣದಾಗಿತ್ತು.

"ಯಾವಾಗಿಂದ ಹೀಗಿತ್ತು ನೀಲಾ?"

"ನೀವು ಸೊನ್ನೆ ಅಂದ್ರಲ್ಲ, ಆವಾಗ್ಲಿಂದ."

ಅವರು ನನ್ನನ್ನು ಎಬ್ಬಿಸಿ ಕಿಟಕಿಯ ಹತ್ತಿರ ಕೂರಿಸಿದರು. ಮಳೆ ಬಿಟ್ಟು ಬೆಳಕು ಚೆನ್ನಾಗಿತ್ತು. ನನ್ನ ಎರಡೂ ತೋಳುಗಳನ್ನು ಜೋಡಿಸಿ ಇಟ್ಟು ಬಹಳ ಹೊತ್ತು ನೋಡಿದರು. ಒಂದು ಗಾಜಿನ ಚೂರನ್ನು ಚರ್ಮದ ಮೇಲೆ ಒತ್ತಿ, ತೆಗೆದು, ಬಣ್ಣ ಹೋಗಿ ಬರುವುದನ್ನು ಕಾದರು. ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಇಲ್ಲಿ ಇದೆ. ಇದು ದಾಳಿಂಬೆ ಅಲ್ಲ, ನೇರಳೆಹಣ್ಣು. ನಾನು ದಾಳಿಂಬೆ ಹುಡುಕ್ತಾ ಇದ್ದೆ" ಎಂದರು. ನಾನೂ ನೋಡಿದೆ. ನಿಜ. ಕೊಯ್ದ ಜಾಗದ ಸುತ್ತ ಚರ್ಮ ಮಾಗಿದ ನೇರಳೆಯ ಹಾಗೆ ಮಿಂಚುತ್ತಿತ್ತು, ಅಲ್ಲಿಂದ ಮೇಲಕ್ಕೆ ಒಂದು ಮಸುಕು ಗೆರೆ. ಎಡಗೈಯಲ್ಲಿ ಅದಿರಲಿಲ್ಲ. ನನ್ನ ಕೈಯೂ ಬಣ್ಣ ಬದಲಿಸುತ್ತದೆ ಎನ್ನುವುದು ಅಲ್ಲಿಯ ತನಕ ನನಗೇ ಗೊತ್ತಿರಲಿಲ್ಲ.

"ಎಲ್ಲರನ್ನೂ ಒಂದೇ ಕಾರ್ಡಿನ ಪಕ್ಕ ಇಟ್ಟು ನೋಡಿದ್ದು ತಪ್ಪಾಯ್ತು" ಎಂದರು. "ನಿನ್ನ ಕೈಯನ್ನ ನಿನ್ನ ಕೈ ಜೊತೇನೇ ಹೋಲಿಸಬೇಕು. ಗಂಗೆ ಕೈ ಜೊತೆ ಅಲ್ಲ."

ಚರ್ಮದ ಮಟ್ಟಿಗೆ ಅದು ಸರಿಯಾದ ಮಾತು. ಉಳಿದದ್ದರಲ್ಲಿ ಅದು ನನ್ನಿಂದ ಆಗಲಿಲ್ಲ.

ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನ ಡಾಕ್ಟರಮ್ಮ ಬಿಡುವಾದಾಗಲೆಲ್ಲ ಬಣ್ಣದ ಪೆಟ್ಟಿಗೆ ತಂದು ನನ್ನೆದುರು ಕೂರುತ್ತಿದ್ದರು. ಹೊಸ ಕಾರ್ಡಿನಲ್ಲಿ ಒಂದಲ್ಲ, ಮೂರು ಸಾಲು. ಬಿಳಿಯವರದೊಂದು, ಗೋಧಿ ಬಣ್ಣದವರದೊಂದು, ನಮ್ಮದೊಂದು. ನಮ್ಮ ಸಾಲಿಗೆ ಕಂದು ಸಾಲದೆ ನೀಲಿ ಬೆರೆಸಬೇಕಾಯಿತು. ಪ್ರತಿಯೊಬ್ಬರ ತೋಳಿನ ಒಳಭಾಗ, ನೀರು ಬಿಸಿಲು ತಾಗದ ಜಾಗ, ಅದೇ ಅವರವರ ಸೊನ್ನೆ. ಅದರಿಂದ ಕೈ ಎಷ್ಟು ದೂರ ಹೋಗಿದೆ ಎಂದು ಎಣಿಸುವುದು. ನೋಡಿದ್ದರಲ್ಲಿ ಅನುಮಾನ ಬಂದರೆ ಹಿಂಗೈ ಇಟ್ಟು ಬಿಸಿ ನೋಡುವುದು.

ಆ ಕಾರ್ಡು ಹಿಡಿದು ಅವರು ಮತ್ತೆ ಫ್ಯಾಕ್ಟರಿಗೆ ಬಂದ ದಿನ ನಾನೂ ಇದ್ದೆ. ಕೆಂಪಮ್ಮನಿಗೆ ಮೂರು ಬಂತು. ಹತ್ತಿರಹತ್ತಿರ ಬೇಸಿನ್ನಿನವರೆಲ್ಲರಿಗೂ ಎರಡು, ಮೂರು. "ಎಲ್ರೂ ಬೆಂಚ್ಮೇಲೆ ಕುಂತ್ರೆ ನೂಲ್ ತೆಗ್ಯೋರ್ಯಾರು ಮೇಡಂ?" ಎಂದು ಮೇಸ್ತ್ರಿ ತಲೆ ಕೆರೆದುಕೊಂಡ. "ಸರದಿ ಮೇಲೆ ಕೂರಿಸಿ" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಹತ್ತಿರ ಬಂದು, ಅವತ್ತು ನಕ್ಕವರೆಲ್ಲರ ಮುಂದೆ, "ಇವಳು ಹೇಳಿದ್ದು ನಿಜ, ನಾನು ನೋಡಿದ್ದು ತಪ್ಪು" ಎಂದರು. ಗಂಗೆ ಆ ವಾರವೇ ಬೇಸಿನ್ನಿಗೆ ಬರಬೇಕಾಗಿತ್ತು. ನಾನು ಒಣ ಬೆಂಚಿನ ಮೇಲೆ ಕೂತು ಅವಳು ನೀರಿಗೆ ಕೈ ಹಾಕುವುದನ್ನು ನೋಡಲು ಕಾದಿದ್ದೆ. ಅವಳು ಬರಲಿಲ್ಲ. ಹನೂರಿನವರು ಗಂಗೆಯನ್ನು ಕೇಳಿದ್ದರು, ಮದುವೆ ಗೊತ್ತಾದ ಹುಡುಗಿಯನ್ನು ಮನೆಯಲ್ಲಿ ಫ್ಯಾಕ್ಟರಿಗೆ ಕಳಿಸಲಿಲ್ಲ.

ಗಂಗೆ ನನ್ನ ಕಾಲ ಮೇಲೆ ಬಿದ್ದು ಅತ್ತಳು. "ನಾ ಒಲ್ಲೆ ಅಂದೆ ಅಕ್ಕ, ಯಾರೂ ಕೇಳ್ಲಿಲ್ಲ." ನಿಜವೇ ಇರಬೇಕು. "ನಿಂದೇನ್ ತಪ್ಪವ್ವ" ಎಂದೆ. ಅವಳಿಗೆ ಹೀಗೆ ಅಳಲಾದರೂ ಬರುತ್ತಲ್ಲ, ಅತ್ತರೂ ಚೆನ್ನಾಗಿ ಕಾಣುತ್ತಾಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕಾರ್ತಿಕದಲ್ಲಿ ಮದುವೆಯಾಯಿತು. ಬೀಗರ ಊಟ ಮುಗಿದ ಮೇಲೆ ಮಹದೇವಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ತೋಳು ಹಿಡಿದು ನೋಡಿ, "ತಣ್ಣಗಾಗದೆ. ಸದ್ಯ" ಎಂದಳು.

ನಾನು ಕೇಳಿಯೇಬಿಟ್ಟೆ. "ಮುಟ್ಟಿದ ತಕ್ಷಣ ನಿಮ್ಗೆ ಎಂಗೆ ಗೊತ್ತಾಯ್ತು? ಡಾಕ್ಟ್ರಿಗೇ ಕಾಣ್ಲಿಲ್ಲ."

"ನಾನೂ ಕಪ್ಪು, ನನ್ ಮಕ್ಳೂ ಕಪ್ಪು ಕಣವ್ವ. ನಮ್ಮನೇಲಿ ಯಾವ್ ಕಾಯ್ಲೇನೂ ಕಣ್ಗೆ ಕಾಣಕಿಲ್ಲ. ಮುಟ್ಟಿ ಮುಟ್ಟೇ ಸಾಕ್ದೆ."

"ಮತ್ತೆ ನನ್ನ ಯಾಕೆ ಬುಟ್ಬುಟ್ರಿ?"

ಅವಳು ಕಣ್ಣು ತಪ್ಪಿಸಲಿಲ್ಲ. "ಸುಳ್ಳೇಳಕಿಲ್ಲ. ನನ್ನ ಮದ್ವೇಲಿ ನಮ್ಮತ್ತೆ ಎಲ್ರ ಮುಂದೆ ಇದ್ದಿಲುಕೊಳ್ಳಿ ಅಂದಿದ್ಲು. ಮೊಮ್ಮಕ್ಳಾದ್ರೂ ಬೆಳ್ಳಗುಟ್ಲಿ ಅಂತ ಆಸೆ ಕಣವ್ವ. ನೀನು ತಪ್ ತಿಳೀಬ್ಯಾಡ." ತನ್ನ ಮುಡಿಯಿಂದ ಮಲ್ಲಿಗೆ ತುಂಡು ಕಿತ್ತು ನನ್ನ ಜಡೆಗೆ ಮುಡಿಸಿ ಹೋದಳು. ಅಲ್ಲಿಯ ತನಕ ಗಂಗೆಯೊಬ್ಬಳ ಮೇಲಿದ್ದ ಹೊಟ್ಟೆಕಿಚ್ಚು ಅವತ್ತಿನಿಂದ ಇನ್ನೂ ಹುಟ್ಟದ ಮಕ್ಕಳ ಮೇಲೂ ಹರಡಿತು.

ಮುಂದಿನ ವರ್ಷ ಗಂಗೆಗೆ ಹೆಣ್ಣುಮಗು ಹುಟ್ಟಿತು. ಹನೂರಿನಲ್ಲಿ ನಾಮಕರಣ, ನಾನೂ ಹೋಗಿದ್ದೆ. ಆ ಹೊತ್ತಿಗೆ ನನಗೆ ಕೊಳ್ಳೇಗಾಲದಲ್ಲಿ ಸಂಬಂಧ ಗೊತ್ತಾಗಿತ್ತು, ಒಳ್ಳೆಯ ಮನೆ. ಆದರೂ ಬಸ್ಸಿಳಿದು ಅವಳ ಮನೆಗೆ ಬಿರಬಿರನೆ ನಡೆದೆ. ಒಳಗೆ ಹೋಗಿ ನೋಡಿದೆ. ಮಗು ಕಪ್ಪು. ನನಗಿಂತ ಕಪ್ಪು. ನನಗೆ ಆದ ಸಂತೋಷವನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ.

ಮಹದೇವಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಹಣೆ, ಹೊಟ್ಟೆ, ಅಂಗಾಲುಗಳನ್ನು ಹಿಂಗೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಎತ್ತಿ ಎದೆಗೆ ಅವುಚಿಕೊಂಡು ಅದರ ಕೆನ್ನೆಗೆ ತನ್ನ ಕೆನ್ನೆ ಒತ್ತಿ ಕಣ್ಣು ಮುಚ್ಚಿದಳು. ಆ ಮುಖದಲ್ಲಿ ಎಲ್ಲಾದರೂ ಒಂದು ಬೇಸರದ ಗೆರೆ ಇದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ.

ನನ್ನ ಸಂತೋಷ ಅಲ್ಲಿಗೆ ಮುಗಿಯಿತು. ಕಪ್ಪು ಮಗುವನ್ನೂ ಹೀಗೆ ಅಪ್ಪಿಕೊಳ್ಳುವುದಾಗಿದ್ದರೆ, ನನ್ನನ್ನೇ ಕರೆದುಕೊಂಡು ಹೋಗಬಹುದಿತ್ತಲ್ಲ.